ಹೊರೆ ಹೊತ್ತು ದೂರ ಹೋಗುವ ಸೈಕಲ್ಲಿಗೆ ಯಾವ ಗಾಲಿ, ಎಷ್ಟು ದಪ್ಪ ಟೈರು?

ಸೈಕಲ್ ಅಂಗಡಿಗೆ ಹೋಗಿ ‘28ರ ಟೈರು ಕೊಡಿ’ ಅಂತ ಕೇಳಿದರೆ ಇವತ್ತು ಎರಡು ಬೇರೆ ಬೇರೆ ಟೈರು ಬರಬಹುದು. ಒಂದು ನಮ್ಮ ಹಳೇ ಕರಿ ಸೈಕಲ್ಲಿನದು. ಇನ್ನೊಂದು ಪೇಟೆಯ ಗೇರ್ ಸೈಕಲ್ಲಿನದು. ಎರಡರ ಮೇಲೂ 28 ಅಂತಲೇ ಬರೆದಿರಬಹುದು. ಆದರೆ ಒಂದರ ರಿಮ್ಮಿಗೆ ಇನ್ನೊಂದು ಯಾವ ಕಾಲಕ್ಕೂ ಕೂರುವುದಿಲ್ಲ. ಇಪ್ಪತ್ತಾರರ ಕಥೆಯಂತೂ ಇನ್ನೂ ಗೋಜಲು. ಅದರಲ್ಲಿ ನಮ್ಮ ಕಡೆ ಕಾಣುವುದೇ ಮೂರು ಜಾತಿ.

ಕಡೂರು ಸೀಮೆಯಲ್ಲಿ ಮೋಟಾರ್ ಬೈಕು ಬಂದು ಎಷ್ಟೋ ಕಾಲವಾಯಿತು. ಆದರೂ ತೋಟಕ್ಕೆ, ಡೇರಿಗೆ ಹಾಲು ಒಯ್ಯೋದಕ್ಕೆ, ನಾಲ್ಕು ತೆಂಗಿನಕಾಯಿ ತರೋದಕ್ಕೆ ಸೈಕಲ್ ಪೂರ್ತಿ ಹೋಗಿಲ್ಲ. 2021ರಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಅಟ್ಟದ ಮೇಲಿದ್ದ ಕೆಲವು ಸೈಕಲ್ಲು ಕೆಳಗಿಳಿದವು. ನಮ್ಮ ನಾಲ್ಕೈದು ಜನಕ್ಕೆ ಇನ್ನೊಂದು ರೂಢಿಯೂ ಇದೆ. ರಾಗಿ ಕಣ ಮುಗಿದ ಮೇಲೆ ಸೈಕಲ್ ಹತ್ತಿ ಮೂರು ನಾಲ್ಕು ದಿನ ಬೇರೆಯವರ ತೋಟ ನೋಡಿಕೊಂಡು ಬರುವುದು. ತರೀಕೆರೆ, ಲಿಂಗದಹಳ್ಳಿ, ಲಕ್ಕವಳ್ಳಿ ಕಡೆಯ ಅಡಿಕೆ ತೋಟ, ಆ ಕಡೆ ಅಜ್ಜಂಪುರ, ಶಿವನಿಯ ಎರೆ ಹೊಲ. ಕಾರಿನಲ್ಲಿ ಹೋದರೆ ಬೇಲಿ ಕಾಣುತ್ತೆ, ಸೈಕಲ್ಲಿನಲ್ಲಿ ಹೋದರೆ ಬೇಲಿಯೊಳಗಿರುವವರು ಮಾತಾಡಿಸುತ್ತಾರೆ. ಪ್ರತಿ ಸಲ ಹೊಸದಾಗಿ ಸೇರುವವರ ಮೊದಲ ಪ್ರಶ್ನೆ ಒಂದೇ: ‘ಯಾವ ಸೈಜಿನ ಗಾಲಿ ಒಳ್ಳೇದು?’ ಅದಕ್ಕೇ ಈ ಬರಹ.

ಇಂಚು ಬಿಡಿ, ಮಿಲಿಮೀಟರ್ ಓದಿ

ಮನೆಯಲ್ಲಿರುವ ಸೈಕಲ್ಲಿನ ಟೈರಿನ ಪಕ್ಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ದೊಡ್ಡಕ್ಷರದಲ್ಲಿ 28 x 1½ ಎಂದಿರುತ್ತೆ. ಈಚಿನ ಟೈರಾದರೆ ಪಕ್ಕದಲ್ಲೇ ಸಣ್ಣಕ್ಕೆ 40-635 ಎಂದೂ ಇರುತ್ತೆ. ನಮಗೆ ಬೇಕಾದ್ದು ಈ ಸಣ್ಣಕ್ಷರ. ಮೊದಲಿನ 40 ಅಂದರೆ ಗಾಳಿ ತುಂಬಿದಾಗ ಟೈರಿನ ದಪ್ಪ ಸುಮಾರು 40 ಮಿಲಿಮೀಟರ್. ಆಮೇಲಿನ 635 ಅಂದರೆ ಟೈರಿನ ಅಂಚಿನ ತಂತಿ ರಿಮ್ಮಿನ ಮೇಲೆ ಎಲ್ಲಿ ಕೂರುತ್ತದೋ ಅಲ್ಲಿಯ ಅಡ್ಡಳತೆ, ಅದೂ ಮಿಲಿಮೀಟರಿನಲ್ಲಿ. ಇದು ಲೋಕಕ್ಕೆಲ್ಲ ಒಂದೇ ಆದ ಐಎಸ್‌ಒ ಅಳತೆ. ಇಂಚಿನ ಲೆಕ್ಕ ಹಾಗಲ್ಲ. ಅದು ಹಳೇ ಕಾಲದಲ್ಲಿ ಗಾಳಿ ತುಂಬಿದ ಟೈರಿನ ಹೊರಸುತ್ತನ್ನು ಅಂದಾಜಿಗೆ ಹೇಳುತ್ತಿದ್ದದ್ದು. ಟೈರು ತೆಳುವಾಯಿತು, ದಪ್ಪವಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಕರಿ ಸೈಕಲ್ಲಿನ 28 x 1½ ಅಂದರೆ 635. ಗೇರ್ ಸೈಕಲ್ಲಿನವರು 700ಸಿ ಅನ್ನುವುದು 622. ಅದನ್ನೇ ಕೆಲವು ಟೈರಿನ ಮೇಲೆ 28 ಎಂದು ಹಾಕುತ್ತಾರೆ. ಬೆಟ್ಟದ ಸೈಕಲ್ಲಿನ 29 ಅಂತ ಮಾರುತ್ತಾರಲ್ಲ, ಅದೂ 622ನೇ! ಇಪ್ಪತ್ತೆಂಟಕ್ಕಿಂತ ಇಪ್ಪತ್ತೊಂಬತ್ತರ ರಿಮ್ಮು ಚಿಕ್ಕದು ಅಂದರೆ ಯಾರು ನಂಬುತ್ತಾರೆ? ಆದರೆ ಸತ್ಯ ಅದೇ. ಇನ್ನು 26 x 1⅜ ಅಂದರೆ 590. ಹೆಣ್ಣುಮಕ್ಕಳ ಸೈಕಲ್ಲುಗಳಲ್ಲಿ ಇದು ಬಹಳ ಕಾಲದಿಂದ ಇದೆ. 26 x 1½ ಅಂದರೆ 584. ಈಗ 27.5 ಅಂತ ಹೊಸ ಹೆಸರಿನಲ್ಲಿ ಬಂದಿರುವುದೂ ಇದೇ 584. 26 x 1.75, 26 x 2.0 ಎಂದು ಚುಕ್ಕಿ ಹಾಕಿ ಬರೆದಿದ್ದರೆ ಅದು 559, ಹುಡುಗರ ದಪ್ಪ ಟೈರಿನ ಸೈಕಲ್ಲಿನದು. ಭಿನ್ನರಾಶಿಯಲ್ಲಿ ಬರೆದದ್ದು ಒಂದು ಕುಲ, ಚುಕ್ಕಿ ಹಾಕಿ ಬರೆದದ್ದು ಇನ್ನೊಂದು ಕುಲ. 1½ ಮತ್ತು 1.5 ಶಾಲೆ ಲೆಕ್ಕದಲ್ಲಿ ಒಂದೇ, ಸೈಕಲ್ ಅಂಗಡಿಯಲ್ಲಿ ಬೇರೆ ಬೇರೆ.

584ಕ್ಕೂ 590ಕ್ಕೂ ಆರೇ ಮಿಲಿಮೀಟರ್ ಫರಕು. ‘ಸ್ವಲ್ಪ ಬಿಗಿ ಇದೆ, ಎಳೆದು ಹಾಕಿದರೆ ಕೂರುತ್ತೆ’ ಅನ್ನುವವರಿದ್ದಾರೆ. ಕೂರಿಸಬೇಡಿ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇದೆ, ಅದು ಹಿಗ್ಗುವುದಿಲ್ಲ. ಬಿಗಿಯಾದದ್ದನ್ನು ಎಳೆದರೆ ತಂತಿ ತುಂಡಾಗುತ್ತೆ. ಸಡಿಲವಾದದ್ದು ಗಾಳಿ ತುಂಬುವಾಗಲೋ ಇಳಿಜಾರಿನಲ್ಲೋ ಕಳಚಿಕೊಳ್ಳುತ್ತೆ. ಟ್ಯೂಬು ಮಾತ್ರ ಹಾಗಲ್ಲ, ರಬ್ಬರು ಹಿಗ್ಗುತ್ತೆ. ದಪ್ಪ ಹತ್ತಿರ ಹತ್ತಿರ ಇದ್ದರೆ 622ರ ಟ್ಯೂಬು 635ಕ್ಕೆ ಆಗುತ್ತೆ, 584ರದು 590ಕ್ಕೆ ಆಗುತ್ತೆ. ದಾರಿಯಲ್ಲಿ ಸಿಕ್ಕಿಕೊಂಡಾಗ 26ರ ಟ್ಯೂಬನ್ನು 700ಸಿ ಗಾಲಿಗೆ ಎಳೆದು ಹಾಕಿ ಮನೆ ಮುಟ್ಟಬಹುದು.

ಹಳೇ ಟೈರಿನಲ್ಲಿ ಅಂಕಿ ಅಳಿಸಿಹೋಗಿದ್ದರೆ ಟೇಪು ಹಿಡಿದು ರಿಮ್ಮು ಅಳೆಯುವುದು ಅಷ್ಟು ನಂಬಿಕೆಯ ಕೆಲಸವಲ್ಲ. ಹಳೇ ಟೈರನ್ನೇ ಕಳಚಿಕೊಂಡು ಹೋಗಿ ಹೊಸದರ ಮೇಲೆ ಜೋಡಿಸಿ ನೋಡಿ ತನ್ನಿ.

ದೊಡ್ಡ ಗಾಲಿ ದೂರ ಹೋಗುತ್ತಾ?

‘ಗಾಲಿ ದೊಡ್ಡದಿದ್ದಷ್ಟೂ ಒಂದು ತುಳಿತಕ್ಕೆ ಜಾಸ್ತಿ ದೂರ’ ಎಂಬ ಮಾತು ಎಲ್ಲ ಊರಲ್ಲೂ ಇದೆ. ಲೆಕ್ಕ ಹಾಕಿ ನೋಡೋಣ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡ್ಲು ಒಂದು ಸುತ್ತು ಬಂದರೆ 28 x 1½ ಗಾಲಿ ಸುಮಾರು 5.46 ಮೀಟರ್ ಹೋಗುತ್ತೆ. 26 x 1.75 ಗಾಲಿ 5 ಮೀಟರ್ ಹೋಗುತ್ತೆ. ನೂರಕ್ಕೆ ಎಂಟರಷ್ಟು ಫರಕು. ಆದರೆ ದೂರ ಹೋದದ್ದು ಪುಕ್ಕಟೆ ಅಲ್ಲ, ಅಷ್ಟೇ ಹೆಚ್ಚು ಒತ್ತಿ ತುಳಿಯಬೇಕು. ಇದೇ ಕೆಲಸವನ್ನು ಫ್ರೀವೀಲು ಬದಲಾಯಿಸಿ ಮಾಡಬಹುದು. ಕರಿ ಸೈಕಲ್ಲಿಗೇ 18ರ ಬದಲು 22 ಹಲ್ಲಿನ ಫ್ರೀವೀಲು ಹಾಕಿಸಿ, ಒಂದು ಸುತ್ತಿಗೆ 4.47 ಮೀಟರ್ ಆಗುತ್ತೆ. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ ಕಡೆ ದಾರಿ ಏರತೊಡಗಿದಾಗ ಈ ಒಂದು ಮೀಟರ್ ಉಳಿತಾಯ ಎಷ್ಟು ಅಂತ ಮೊಣಕಾಲು ಹೇಳುತ್ತೆ. ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರದಲ್ಲಿದೆ. ಗೇರಿಲ್ಲದ ಸೈಕಲ್ಲಿನಲ್ಲಿ ಅದನ್ನು ಹತ್ತುವವರು ಹೇಗೂ ಅರ್ಧ ದಾರಿ ತಳ್ಳುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ. ಹೇಳಬೇಕಾದ್ದು ಇಷ್ಟೇ: ಏರಿಗೋಸ್ಕರ ಗಾಲಿ ಬದಲಾಯಿಸಬೇಡಿ, ಹಲ್ಲು ಬದಲಾಯಿಸಿ. ಚೈನಿನ ಉದ್ದ ಸ್ವಲ್ಪ ಸರಿಮಾಡಿಸಬೇಕಾಗುತ್ತೆ. ಸೈಕಲ್ ಶಾಪಿನವರಿಗೆ ಅದು ಐದು ನಿಮಿಷದ ಕೆಲಸ.

ದೊಡ್ಡ ಗಾಲಿಯ ನಿಜವಾದ ಲಾಭ ಬೇರೆ. ಗುಂಡಿಯ ಅಂಚಿಗೆ ಅದು ಕಡಿಮೆ ಇಳಿಯುತ್ತೆ, ಕಲ್ಲನ್ನು ಸಲೀಸಾಗಿ ಹತ್ತುತ್ತೆ. ಚಿಕ್ಕ ಗಾಲಿಯ ಲಾಭವೂ ಇದೆ. ಅಷ್ಟೇ ಕಡ್ಡಿ ಹಾಕಿದರೂ ಅದು ಹೆಚ್ಚು ಗಟ್ಟಿ, ಪಕ್ಕದ ಹೊಡೆತಕ್ಕೆ ಬೇಗ ಬೆಂಡಾಗುವುದಿಲ್ಲ. ಕರಿ ಸೈಕಲ್ಲು ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ. ಹೊರೆಯೆಲ್ಲ ಬೀಳುವುದು ಹಿಂದೆಯೇ ತಾನೆ? ಗೇರ್ ಸೈಕಲ್ ಕೊಳ್ಳುವವರು ಹಿಂದಿನ ಗಾಲಿಯ ಕಡ್ಡಿ ಎಣಿಸಿ ನೋಡಿ. 36 ಇದ್ದರೆ ಸಂತೋಷ. 32 ಇದ್ದರೆ ಬಟ್ಟೆಗಂಟಿಗೆ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಅದು ಹೊರೆಯ ಸೈಕಲ್ಲಲ್ಲ, ಓಟದ ಸೈಕಲ್ಲು.

ಟೈರ್ ಗಾಡಿ ಕಲಿಸಿದ ಪಾಠ

ಗಾಲಿಯ ಎತ್ತರಕ್ಕಿಂತ ಟೈರಿನ ದಪ್ಪ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಎತ್ತಿನ ಗಾಡಿ ನೆನೆಸಿಕೊಳ್ಳಿ. ಎತ್ತರದ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಡಿದ ಗಾಡಿ ಇತ್ತು. ಆಮೇಲೆ ಗಿಡ್ಡ ಚಕ್ರದ ಟೈರ್ ಗಾಡಿ ಬಂತು. ಚಕ್ರ ಚಿಕ್ಕದಾಯಿತು, ಅದೇ ಜೋಡಿ ಎತ್ತು ಹೆಚ್ಚು ಹೊರೆ ಎಳೆಯಿತು. ಕಾರಣ, ಗಾಳಿ ತುಂಬಿದ ಅಗಲ ಟೈರು ಕಲ್ಲನ್ನು ನುಂಗಿಕೊಂಡು ಹೋಗುತ್ತೆ, ಪಟ್ಟಿಯ ಚಕ್ರ ಪ್ರತಿ ಕಲ್ಲಿಗೂ ಗಾಡಿಯನ್ನೇ ಎತ್ತಿ ಇಳಿಸುತ್ತೆ. ಎತ್ತಿ ಇಳಿಸುವ ಆ ಶಕ್ತಿ ಎತ್ತಿನದು. ಸೈಕಲ್ಲಿನಲ್ಲಾದರೆ ನಮ್ಮದು.

ಈ ಗಾಳಿ ಟೈರನ್ನು ಸೈಕಲ್ಲಿನಲ್ಲಿ ಬಳಕೆಗೆ ತಂದದ್ದು ಒಬ್ಬ ದನದ ಡಾಕ್ಟರು ಅಂದರೆ ನಮ್ಮ ಓದುಗರಿಗೆ ಖುಷಿಯಾಗಬಹುದು. ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಮಾಡಿ ನೋಡಿ, 1888ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಫ್ರಾನ್ಸಿನಲ್ಲಿ ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪಾಲ್ ಡಿ ವಿವಿ (1853-1930) ಎಂಬಾತ ದೂರದ ಸವಾರಿಗೆ ದಪ್ಪ ಟೈರೇ ಸರಿ, ಬೆಟ್ಟಕ್ಕೆ ಗೇರು ಬೇಕು ಎಂದು ವಾದಿಸುತ್ತಾ ಬಂದ. ಓಟದವರು ನಕ್ಕರು. ಈಗ ಓಟದವರೂ ಮೊದಲಿಗಿಂತ ದಪ್ಪ ಟೈರಿಗೆ ಬಂದಿದ್ದಾರೆ. ಒರಟು ರಸ್ತೆಯಲ್ಲಿ ತೆಳು ಟೈರಿಗೆ ಗಟ್ಟಿ ಗಾಳಿ ಹೊಡೆದರೆ ವೇಗ ಹೆಚ್ಚುವುದಿಲ್ಲ, ಕುಲುಕಾಟ ಹೆಚ್ಚುತ್ತೆ ಅನ್ನುವುದು ಈಗ ಅಳೆದು ನೋಡಿದ ವಿಷಯ.

ದಪ್ಪ ಎಷ್ಟಿರಬೇಕು? ಸವಾರ 60 ಕಿಲೋ, ಸೈಕಲ್ಲು 20, ಹೊರೆ 40 ಅನ್ನಿ. ಒಟ್ಟು 120. ಕ್ಯಾರಿಯರಿನ ಮೇಲೆ ಹೊರೆ ಇದ್ದರೆ ಇದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 80 ಕಿಲೋ, ಹಿಂದಿನ ಗಾಲಿಗೆ. ಟೈರಿನಲ್ಲಿ 50 ಪೌಂಡು ಗಾಳಿ ಇದ್ದರೆ ಒಂದು ಚದರ ಸೆಂಟಿಮೀಟರಿಗೆ ಮೂರೂವರೆ ಕಿಲೋ ಹೊರುತ್ತೆ. ಹಾಗಾದರೆ ನೆಲಕ್ಕೆ ತಾಗಬೇಕಾದ ಜಾಗ ಸುಮಾರು 23 ಚದರ ಸೆಂಟಿಮೀಟರ್. 40 ಮಿಲಿಮೀಟರ್ ದಪ್ಪದ ಟೈರು ಈ ಜಾಗವನ್ನು ಸಲೀಸಾಗಿ ಕೊಡುತ್ತೆ. 28 ಮಿಲಿಮೀಟರಿನ ತೆಳು ಟೈರು ಅಷ್ಟು ಜಾಗ ಕೊಡಬೇಕಾದರೆ ಪೂರ್ತಿ ಕುಸಿಯಬೇಕು. ಕುಸಿದ ಟೈರು ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಜೋಡಿ ತೂತು ಬೀಳುತ್ತೆ, ಹಾವು ಕಚ್ಚಿದ ಹಾಗೆ. ಅಂಥ ಜೋಡಿ ತೂತು ಕಂಡರೆ ಮುಳ್ಳು ಹುಡುಕಬೇಡಿ, ಗಾಳಿ ಕಡಿಮೆ ಅಥವಾ ಟೈರು ತೆಳು ಅಂತ ತಿಳಿಯಿರಿ.

ಹೆದ್ದಾರಿಯಲ್ಲಷ್ಟೇ ಹೋಗುವವರಿಗೆ 35 ಮಿಲಿಮೀಟರ್ ಸಾಕು. ಹಳ್ಳಿ ದಾರಿ, ಜಲ್ಲಿ ದಾರಿ, ಹೊರೆ ಎಲ್ಲ ಸೇರಿದರೆ 40ರಿಂದ 50. ಅದಕ್ಕಿಂತ ದಪ್ಪ ಹಾಕಿದರೆ ಭಾರ ಹೆಚ್ಚು, ಮಡ್ಗಾರ್ಡಿಗೂ ತಾಗುತ್ತೆ. ಗುಬಟು ಗುಬಟಾದ ಹಲ್ಲಿನ ಟೈರು ನೋಡೋಕೆ ಗಂಡುಗಂಡಾಗಿ ಕಾಣುತ್ತೆ, ಹುಡುಗರಿಗೆ ಅದೇ ಬೇಕು. ಡಾಂಬರಿನ ಮೇಲೆ ಅದು ಗುಂಯ್ ಅಂತ ಸದ್ದು ಮಾಡಿಕೊಂಡು ಕಾಲಿನ ಶಕ್ತಿ ತಿನ್ನುತ್ತೆ. ಮಧ್ಯೆ ನುಣುಪು, ಅಂಚಿನಲ್ಲಿ ಸ್ವಲ್ಪ ಹಲ್ಲು ಇರುವುದು ನಮ್ಮ ಕಡೆಗೆ ಸರಿ.

ಅಜ್ಜಂಪುರದ ಎರೆಯ ವಿಷಯ ಬೇರೆ ಹೇಳಬೇಕು. ಮಳೆ ಬಿದ್ದ ಎರೆಯಲ್ಲಿ ಯಾವ ಟೈರೂ ನಡೆಯುವುದಿಲ್ಲ. ದಪ್ಪ ಟೈರಾದರೆ ಮಣ್ಣು ಬೇಗ ಮೆತ್ತಿಕೊಂಡು ಮಡ್ಗಾರ್ಡಿನೊಳಗೆ ಇಡುಕಿ ಗಾಲಿಯೇ ನಿಂತುಬಿಡುತ್ತೆ. ತೆಳುವಾದದ್ದು ಹೂತುಕೊಳ್ಳುತ್ತೆ. ಟೈರಿಗೂ ಮಡ್ಗಾರ್ಡಿಗೂ ಮಧ್ಯೆ ಒಂದು ಬೆರಳು ಹೋಗುವಷ್ಟು ಸಂದಿ ಇದ್ದರೆ ಕಡ್ಡಿ ತೂರಿಸಿ ಮಣ್ಣು ತೆಗೆಯಬಹುದು. ಒಂದು ಸಲ ಈರುಳ್ಳಿ ಕಾಲದಲ್ಲಿ ಶಿವನಿ ಕಡೆ ಹೋದಾಗ ಮೂವರೂ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಾಂಬರು ಮುಟ್ಟಿದೆವು. ‘ಸೈಕಲ್ ನಿಮ್ಮನ್ನ ಹೊರಬೇಕೋ ನೀವು ಸೈಕಲ್ ಹೊರಬೇಕೋ?’ ಅಂತ ಒಬ್ಬ ಯಜಮಾನರು ನಗಾಡಿದರು.

ಗಾಳಿ ಅಳೆಯಲು ಒಂದು ಸ್ಕೇಲು ಸಾಕು

ಹಳ್ಳಿ ಅಂಗಡಿಯ ಪಂಪಿಗೆ ಮೀಟರ್ ಇರುವುದಿಲ್ಲ. ಹೆಬ್ಬೆರಳಿನಲ್ಲಿ ಒತ್ತಿ ನೋಡುವುದೇ ರೂಢಿ. ಅದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಅಮೆರಿಕದಲ್ಲಿ ಫ್ರ್ಯಾಂಕ್ ಬರ್ಟೊ ಎಂಬುವರು ಟೈರುಗಳನ್ನು ಅಳೆದು ಹೇಳಿದ್ದು ಇದು: ಸವಾರ, ಹೊರೆ ಎಲ್ಲ ಕೂತ ಮೇಲೆ ಟೈರು ತನ್ನ ಎತ್ತರದ ನೂರಕ್ಕೆ 15 ಭಾಗ ಕುಸಿಯಬೇಕು. ಟೈರಿನ ದಪ್ಪವೇ ಹೆಚ್ಚುಕಡಿಮೆ ಅದರ ಎತ್ತರ. ಆದ್ದರಿಂದ 40 ಮಿಲಿಮೀಟರ್ ಟೈರು 6 ಮಿಲಿಮೀಟರ್, 47ರ ಟೈರು 7 ಮಿಲಿಮೀಟರ್ ಕುಸಿಯಬೇಕು.

ಸೈಕಲ್ಲನ್ನು ಗೋಡೆ ಪಕ್ಕ ಗಾರೆ ನೆಲದ ಮೇಲೆ ನಿಲ್ಲಿಸಿ. ನೆಲದಿಂದ ರಿಮ್ಮಿನ ಕೆಳ ಅಂಚಿಗೆ ಎಷ್ಟಿದೆ ಅಂತ ಮಕ್ಕಳ ಸ್ಕೇಲಿನಲ್ಲಿ ಅಳೆಯಿರಿ. ಆಮೇಲೆ ಹೊರೆ ಕಟ್ಟಿ, ಗೋಡೆಗೆ ಕೈ ಕೊಟ್ಟು ಹತ್ತಿ ಕೂತು, ಇನ್ನೊಬ್ಬರ ಕೈಲಿ ಅಳೆಸಿ. ಜಾಸ್ತಿ ಕುಸಿದರೆ ಗಾಳಿ ಹೊಡೆಯಿರಿ, ಕುಸಿಯದಿದ್ದರೆ ಸ್ವಲ್ಪ ಬಿಡಿ. ಹಿಂದಿನ ಗಾಲಿಗೆ ಯಾವಾಗಲೂ ಮುಂದಿನದಕ್ಕಿಂತ ಹೆಚ್ಚು ಗಾಳಿ ಬೇಕಾಗುತ್ತೆ ಅನ್ನುವುದು ಆಗ ತಾನಾಗಿ ಗೊತ್ತಾಗುತ್ತೆ. ಟೈರಿನ ಮೇಲೆ ಬರೆದಿರುವ ಮೇಲ್ಮಿತಿ ದಾಟಬಾರದು.

ವಾಲಿನ ವಿಷಯವೂ ಗಾಲಿ ಆರಿಸುವಾಗಲೇ ನೋಡಬೇಕು. ಕರಿ ಸೈಕಲ್ಲಿನದು ಹಳೇ ಡನ್ಲಪ್ ವಾಲು, ಯಾವ ಹಳ್ಳಿಯ ಪಂಪಾದರೂ ಹಿಡಿಯುತ್ತೆ. ಒಳಗಿನ ಸಣ್ಣ ರಬ್ಬರ್ ನಳಿಗೆ ಹಾಳಾದರೆ ಬಿಡಿಗಾಸಿಗೆ ಸಿಗುತ್ತೆ. ದಪ್ಪ ಟೈರಿನ ಸೈಕಲ್ಲಿನದು ಮೋಟಾರ್ ಬೈಕಿನ ಥರದ ವಾಲು, ಪೆಟ್ರೋಲ್ ಬಂಕಿನಲ್ಲಿ ಗಾಳಿ ಸಿಗುತ್ತೆ. ಓಟದ ಸೈಕಲ್ಲಿನ ಸಣ್ಣ ಕಡ್ಡಿಯಂಥ ವಾಲು ಈ ಎರಡಕ್ಕೂ ಒಗ್ಗುವುದಿಲ್ಲ. ಅಂಥದ್ದಿದ್ದರೆ ಸ್ವಂತ ಪಂಪು ಜೊತೆಗಿರಲೇಬೇಕು.

ಹಾಗಾದರೆ ಯಾವುದು?

ನೀವು ಹೋಗುವ ದಾರಿಯಲ್ಲಿ ಅತಿ ದೂರದ, ಅತಿ ಸಣ್ಣ ಊರು ಯಾವುದೋ ಆ ಊರಿನ ಸೈಕಲ್ ಅಂಗಡಿಯ ಗೋಡೆಗೆ ಯಾವ ಟೈರು ನೇತುಹಾಕಿರುತ್ತಾರೆ ಅಂತ ಯೋಚಿಸಿ. ಅದೇ ನಿಮ್ಮ ಗಾಲಿ. ನಮ್ಮೂರಿನ ಹುಡುಗನೊಬ್ಬ ಬೆಂಗಳೂರಿನಿಂದ 700ಸಿ ಗಾಲಿಯ ಸೈಕಲ್ ತಂದ. ಗಾಳಿಗೆ ತೇಲಿದ ಹಾಗೆ ಓಡುತ್ತಿತ್ತು. ತರೀಕೆರೆ ಆಚೆ ಹಳ್ಳಿಯೊಂದರಲ್ಲಿ ಟೈರಿನ ಪಕ್ಕ ಕಲ್ಲಿಗೆ ಸೀಳಿತು. ಮೂರು ಅಂಗಡಿ ಕೇಳಿದರೂ ಎಲ್ಲರ ಹತ್ತಿರವೂ ಇದ್ದದ್ದು 635 ಮತ್ತು 26ರ ಟೈರು. ಸೈಕಲ್ಲು ಬಸ್ಸಿನ ಮೇಲೆ ಮನೆಗೆ ಬಂತು. ಸೈಕಲ್ಲಿನ ತಪ್ಪಲ್ಲ, ಅದು ಒಳ್ಳೆಯದೇ. ಅದರಲ್ಲಿ ಹೋಗುವವರು ಒಂದು ಟೈರು ಸುತ್ತಿ ಕಟ್ಟಿಕೊಂಡು ಹೋಗಬೇಕು, ಅಷ್ಟೆ.

ತೋಟ, ಡೇರಿ, ಸಂತೆ ಎಂದು ತಾಲ್ಲೂಕಿನೊಳಗೆ ಹೊರೆ ಹೊರುವವರು 28 x 1½ ಇರುವ ಕರಿ ಸೈಕಲ್ಲನ್ನು ಬಿಡಬೇಡಿ. ಅದರ ಕಬ್ಬಿಣದ ರಿಮ್ಮು ಬೆಂಡಾದರೆ ತಟ್ಟಿ ಸರಿಮಾಡುತ್ತಾರೆ. ಅಲ್ಯುಮಿನಿಯಂ ರಿಮ್ಮು ಹಾಗೆ ತಟ್ಟಿಸಿಕೊಳ್ಳುವುದಿಲ್ಲ. ಆದರೆ ಮಳೆಯಲ್ಲಿ ಬ್ರೇಕಿನ ವಿಷಯಕ್ಕೆ ಬಂದರೆ ಅಲ್ಯುಮಿನಿಯಮ್ಮೇ ಮೇಲು, ಒದ್ದೆ ಕಬ್ಬಿಣದ ರಿಮ್ಮಿನ ಮೇಲೆ ಬ್ರೇಕ್ ರಬ್ಬರು ಜಾರುತ್ತೆ. ಎತ್ತರ ಕಡಿಮೆ ಇರುವವರಿಗೆ, ಹೆಣ್ಣುಮಕ್ಕಳಿಗೆ 28ರ ಸೈಕಲ್ಲು ಹತ್ತಿ ಇಳಿಯುವುದೇ ಕಷ್ಟ. ಅವರಿಗೆ 26 x 1⅜ ಅಥವಾ 26 x 1½ ಸರಿ, ಹೊರೆ ಸ್ವಲ್ಪ ಕಡಿಮೆ ಇರಲಿ. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್ಲು ಬಹಳ ಮನೆಗಳಲ್ಲಿ ಮೂಲೆ ಹಿಡಿದಿವೆ. ಟೈರಿನ ಅಂಕಿ ಓದಿ ಹೊಸ ಟೈರು ಟ್ಯೂಬು ಹಾಕಿಸಿದರೆ ಅವೂ ಕೆಲಸಕ್ಕೆ ಬರುತ್ತವೆ.

ನಾಲ್ಕು ದಿನ ದೂರ ಹೋಗುವವರಿಗೆ, ಘಟ್ಟವೂ ಹತ್ತಬೇಕು ಅನ್ನುವವರಿಗೆ ನಾನು ಹೇಳುವುದು 26 x 1.75, ಅಂದರೆ 47-559. ರಿಮ್ಮು ಗಟ್ಟಿ, ಗೇರು ಹಾಕಿದ ಸೈಕಲ್ಲು ಹಳೆಯದಾಗಿ ಅಗ್ಗಕ್ಕೆ ಸಿಗುತ್ತೆ, ಹುಡುಗರ ಸೈಕಲ್ಲಿನ ದೆಸೆಯಿಂದ ಟೈರು ಟ್ಯೂಬು ಸಣ್ಣ ಊರಲ್ಲೂ ಇರುತ್ತೆ. ಹಲ್ಲಿನ ಟೈರು ಬಂದಿದ್ದರೆ ತೆಗೆಸಿ ನುಣುಪಿನದು ಹಾಕಿಸಿ. ಹೊಸ ದುಬಾರಿ ಸೈಕಲ್ಲುಗಳಲ್ಲಿ 26 ಕಡಿಮೆಯಾಗಿ 27.5, 29 ಬರುತ್ತಿದೆ ಎನ್ನುವುದೂ ನಿಜ. ಅಂಥದ್ದು ಕೊಂಡರೆ ಮಡಚಿ ಒಯ್ಯಬಹುದಾದ ಒಂದು ಟೈರನ್ನೂ ಜೊತೆಗೇ ಕೊಂಡುಬಿಡಿ.

ಮುಳ್ಳು

ನಮ್ಮ ಸೀಮೆಯಲ್ಲಿ ಮುಳ್ಳಿನ ಮಾತಿಲ್ಲದೆ ಟೈರಿನ ಮಾತು ಮುಗಿಯುವುದಿಲ್ಲ. ಜಾಲಿ ಮುಳ್ಳು ಉದ್ದ, ಚುಚ್ಚಿದ ತಕ್ಷಣ ಗೊತ್ತಾಗುತ್ತೆ. ನೆಗ್ಗಿಲು ಹಾಗಲ್ಲ. ಹೊಲದಂಚಿನಲ್ಲಿ ಸೈಕಲ್ ನಿಲ್ಲಿಸಿ ಬಂದರೆ ಹತ್ತು ಕಾಯಿ ಮೆತ್ತಿಕೊಂಡಿರುತ್ತೆ, ಒಂದೊಂದೂ ನಿಧಾನಕ್ಕೆ ಒಳಗಿಳಿಯುತ್ತೆ. ಇದಕ್ಕೆ ದಪ್ಪ ಟೈರೂ ಮದ್ದಲ್ಲ. ಹೊಲದಿಂದ ದಾರಿಗೆ ಬಂದ ಕೂಡಲೇ ಗಾಲಿ ತಿರುಗಿಸಿ ಕಾಯಿ ಕಿತ್ತುಹಾಕುವುದು ಒಂದು. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ವಾಲಿನ ಭಾಗ ಕತ್ತರಿಸಿ ತೆಗೆದು, ಟೈರಿಗೂ ಹೊಸ ಟ್ಯೂಬಿಗೂ ಮಧ್ಯೆ ಪಟ್ಟಿಯಾಗಿ ಹಾಸುವುದು ಇನ್ನೊಂದು. ತುಸು ಭಾರವಾಗುತ್ತೆ, ಆದರೆ ನೆಗ್ಗಿಲಿನ ಗಿಡ್ಡ ಮುಳ್ಳು ಬಹಳ ಮಟ್ಟಿಗೆ ಅಲ್ಲೇ ನಿಲ್ಲುತ್ತೆ.

ಟೈರಿನ ಪಕ್ಕ ಸೀಳಿದರೆ ಹಳೇ ಟೈರಿನ ಒಂದು ತುಂಡನ್ನು ಒಳಗಿಟ್ಟು ಗಾಳಿ ಸ್ವಲ್ಪ ಕಡಿಮೆ ಹೊಡೆದು ಮುಂದಿನ ಊರು ಮುಟ್ಟಬಹುದು. ಅಂಗೈಯಗಲದ ಆ ತುಂಡು ಚೀಲದಲ್ಲಿರಲಿ. ಟ್ಯೂಬೇ ಪೂರ್ತಿ ಹೋದರೆ ಟೈರಿನೊಳಗೆ ಒಣಹುಲ್ಲು ಗಿಡಿದು ತುಂಬಿ ನಿಧಾನಕ್ಕೆ ಹೋಗುವ ಉಪಾಯವೂ ಇದೆ, ಹೊರೆ ಇಳಿಸಿ. ಘಟ್ಟದ ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಹಿಡಿದುಕೊಂಡು ಬರಬೇಡಿ. ರಿಮ್ಮು ಕಾದು ಟ್ಯೂಬಿನ ಪ್ಯಾಚು ಬಿಡುತ್ತೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ, ನಡುವೆ ಒಂದೆರಡು ಕಡೆ ನಿಂತು ರಿಮ್ಮು ಮುಟ್ಟಿ ನೋಡಿ.

ಹೊಸ ಗಾಲಿ ಕಟ್ಟಿಸಿದ್ದರೆ ದೂರ ಹೊರಡುವ ಮುನ್ನ ಒಂದು ವಾರ ತೋಟಕ್ಕೆ ಓಡಾಡಿಸಿ, ಆಮೇಲೆ ಇನ್ನೊಂದು ಸಲ ಕಡ್ಡಿ ಬಿಗಿ ಮಾಡಿಸಿ ಬೆಂಡ್ ತೆಗೆಸಿ. ಮೊದಲ ವಾರದಲ್ಲೇ ಕಡ್ಡಿಗಳು ಕೂತು ಸಡಿಲವಾಗುವುದು.